ಹತ್ತರವರೆಗೆ ಬರುತ್ತೆ, ನಾಲ್ಕು ಗೊತ್ತಿಲ್ಲ!

ಮೂರು ವರ್ಷದ ಪುಟ್ಟಿ ಒಂದರಿಂದ ಹತ್ತರವರೆಗೆ ಪಟಪಟ ಅಂತ ಹೇಳ್ತಾಳೆ. ಅಜ್ಜಿಗೆ ಹಿಗ್ಗೋ ಹಿಗ್ಗು. ಈಗ ಒಂದು ಬಟ್ಟಲು ಹುಣಸೆಬೀಜ ಮುಂದಿಟ್ಟು, "ನಂಗೆ ನಾಲ್ಕು ಕೊಡಮ್ಮ" ಅಂತ ಕೇಳಿ. ಕೈಗೆ ಸಿಕ್ಕಷ್ಟು ಬಾಚಿ ಕೊಡ್ತಾಳೆ! (ಬಾಯಿಗೆ ಹಾಕ್ಕೊಳ್ಳೋ ಮಗುವಾದ್ರೆ ಬೀಜ ಬೇಡ, ಬಳೆ ಇಡಿ.)

ಪುಟ್ಟಿ ದಡ್ಡಿ ಅಲ್ಲ. ಸದ್ಯಕ್ಕೆ ಅವಳಿಗೆ ಒಂದು, ಎರಡು, ಮೂರು ಅನ್ನೋದು ಬರೀ ಪದ್ಯ, ಅಷ್ಟೆ.

ಅಮೆರಿಕದ ಮನೋವಿಜ್ಞಾನಿ ಕರೆನ್ ವಿನ್ 1990ರ ಸುಮಾರಿಗೆ ಮಕ್ಕಳ ಹತ್ರ ಹೀಗೇ ಆಟಿಕೆ ಕೇಳಿ ನೋಡಿದ್ರು. ಮಕ್ಕಳಿಗೆ ಮೊದಲು ಅರ್ಥ ಆಗೋದು ‘ಒಂದು’ ಮಾತ್ರ. ಆಗ ಎರಡು ಕೇಳಿ, ಐದು ಕೇಳಿ, ಸಿಗೋದು ಒಂದು ಹಿಡಿ! ಎಷ್ಟೋ ತಿಂಗಳಾದ್ಮೇಲೆ ಎರಡು. ಆಮೇಲೆ ಮೂರು. ಸಾಮಾನ್ಯವಾಗಿ ಮೂರೂವರೆ, ನಾಲ್ಕು ವರ್ಷದ ಹೊತ್ತಿಗೆ ದೊಡ್ಡ ಜಿಗಿತ: ಐದೋ ಆರೋ ಏಳೋ, ಕೇಳಿದಷ್ಟು ಎಣಿಸಿ ಕೊಡ್ತಾರೆ.

ಅವರಿಗೆ ಹೊಳೆದದ್ದೇನು? ಕೊನೆಗೆ ಹೇಳಿದ ಸಂಖ್ಯೆ ಕೊನೆಯ ಬೀಜದ ಹೆಸರಲ್ಲ, ಇಡೀ ರಾಶಿಯ ಲೆಕ್ಕ ಅನ್ನೋದು. ಅದಕ್ಕೂ ಮುಂಚೆ, ಎಣಿಸಿ ಮುಗಿಸಿದ ಮಗುವನ್ನ "ಒಟ್ಟು ಎಷ್ಟು?" ಅಂತ ಕೇಳಿದ್ರೆ ಮತ್ತೆ ಒಂದರಿಂದ ಶುರು! ಸಿಡುಕಬೇಡಿ.

ಷಿಕಾಗೊ ವಿಶ್ವವಿದ್ಯಾಲಯದ ಸೂಸನ್ ಲೆವಿನ್ ತಂಡ 2010ರಲ್ಲಿ ಹೇಳಿದ್ದು: ಮನೇಲಿ ಸಂಖ್ಯೆಗಳ ಮಾತು ಹೆಚ್ಚು ಕೇಳಿದ ಮಕ್ಕಳು ಸಂಖ್ಯೆಯ ಅರ್ಥ ತಿಳಿಯೋದರಲ್ಲಿ ಮುಂದಿದ್ರು. ಹಾಗಂತ ನೂರರವರೆಗೆ ಬಾಯಿಪಾಠ ಮಾಡಿಸೋಕೆ ಹೊರಡಬೇಡಿ. ತಟ್ಟೆ ತೋರಿಸಿ "ಮೂರು ಇಡ್ಲಿ" ಅನ್ನಿ, ತಕ್ಷಣ ಮುಟ್ಟಿ ಎಣಿಸಿ: ಒಂದು, ಎರಡು, ಮೂರು. ಚಟ್ನಿ ಆಮೇಲೆ ಹಾಕಿ.