ಬೇಗ ಬೆಳೆಯುವ ಗುಳ್ಳೆ: ಉದಾಸೀನ ಬೇಡ

ಮನೆಯಲ್ಲಿ ಅತ್ತೆಯ ಕೆನ್ನೆ ಮೇಲೋ, ಅಪ್ಪನ ಮುಂಗೈ ಮೇಲೋ ಸಣ್ಣದೊಂದು ಗುಳ್ಳೆ ಏಳುತ್ತದೆ. 'ಉಷ್ಣಕ್ಕೆ ಎದ್ದಿರಬೇಕು ಬಿಡು, ನಾಲ್ಕು ದಿನ ಆದ್ರೆ ಹೋಗುತ್ತೆ' ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಅದು ಹೋಗುವುದಿಲ್ಲ. ಕಡಲೆಕಾಳಿನಷ್ಟಿದ್ದದ್ದು ಒಂದೆರಡು ತಿಂಗಳಲ್ಲಿ ಗೋಲಿ ಗಾತ್ರಕ್ಕೆ ಬರುತ್ತದೆ. ನಡುವೆ ಬಿರಡೆ ಇಟ್ಟಂತೆ ಗಟ್ಟಿಯಾದ ಹಕ್ಕಳೆ. ಇಂಥ ಗುಳ್ಳೆ ನಿಮ್ಮ ಕಣ್ಣಿಗೆ ಬಿದ್ದರೆ ಗಾಬರಿಯೂ ಬೇಡ, ಉದಾಸೀನವೂ ಬೇಡ.

ಇದು ಕೆರಟೋಅಕ್ಯಾಂಥೋಮ ಎಂಬ ಚರ್ಮದ ಗೆಡ್ಡೆ ಇರಬಹುದು. ಕೂದಲಿನ ಬುಡದ ಜೀವಕೋಶಗಳಿಂದ ಹುಟ್ಟುತ್ತದೆ. ನಡುವೆ ಕಾಣುವ ಬಿರಡೆ, ನಮ್ಮ ಉಗುರು ಕೂದಲುಗಳಲ್ಲಿರುವ ಕೆರಟಿನ್ ಎಂಬ ವಸ್ತು. ಬ್ರಿಟನ್ನಿನ ವೈದ್ಯ ಜೊನಾಥನ್ ಹಚಿನ್ಸನ್ 1889ರಲ್ಲೇ ಇದನ್ನು ವರ್ಣಿಸಿದ್ದರು.

ಗುರುತಿಸುವುದು ಹೇಗೆ?

ಕುರು ಆದರೆ ಬಿಸಿಯಾಗಿ, ನೋವಾಗಿ, ಕೀವು ತುಂಬಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಒಡೆದು ಇಳಿಯುತ್ತದೆ. ನರುಲಿ ಒರಟಾಗಿರುತ್ತದೆ, ನಿಧಾನಕ್ಕೆ ಬೆಳೆಯುತ್ತದೆ. ಕೆರಟೋಅಕ್ಯಾಂಥೋಮ ಹಾಗಲ್ಲ. ಗುಮ್ಮಟದಂತೆ ದುಂಡಗೆ, ಗಟ್ಟಿಯಾಗಿ, ಆರೆಂಟು ವಾರಗಳಲ್ಲೇ 1ರಿಂದ 2 ಸೆಂ.ಮೀ. ಬೆಳೆದುಬಿಡುತ್ತದೆ. ಬಿಸಿಲು ಬೀಳುವ ಮುಖ, ಕುತ್ತಿಗೆ, ಮುಂಗೈ, ಅಂಗೈ ಹಿಂಭಾಗದಲ್ಲೇ ಹೆಚ್ಚು. ಐವತ್ತು ದಾಟಿದವರಲ್ಲಿ, ಬಿಳಿ ಚರ್ಮದವರಲ್ಲಿ ಸಾಮಾನ್ಯ. ನಮ್ಮ ಕಂದು ಚರ್ಮದ ಮೆಲನಿನ್ ನಮ್ಮನ್ನು ಬಹಳಷ್ಟು ಕಾಪಾಡುತ್ತದೆ. ಹಾಗಂತ ನಮಗೆ ಬರೋದೇ ಇಲ್ಲ ಅನ್ನುವಂತಿಲ್ಲ.

ಮೂತ್ರಪಿಂಡ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು, ಟಾರು ಹಾಗೂ ಖನಿಜ ತೈಲದ ನಡುವೆ ದುಡಿಯುವವರು ಹೆಚ್ಚು ಎಚ್ಚರದಿಂದಿರಬೇಕು. ಚರ್ಮದ ಕ್ಯಾನ್ಸರಿಗೆ ಬೇರೆ ಕಾರಣಗಳೂ ಉಂಟು: ತೊನ್ನಿನಂತಲ್ಲದೆ ಹುಟ್ಟಿನಿಂದಲೇ ಮೈಯೆಲ್ಲ ಬಿಳಿಚಿಕೊಂಡಿರುವುದು, ವರ್ಷಗಟ್ಟಲೆ ಮಾಯದ ಸುಟ್ಟ ಗಾಯ, ಕುಡಿಯುವ ನೀರಿನಲ್ಲಿ ಆರ್ಸೆನಿಕ್. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಪತ್ತೆಯಾಗಿ, ಅಲ್ಲಿನವರ ಚರ್ಮಕ್ಕೆ ತೊಂದರೆಯಾದದ್ದುಂಟು.

ಇದು ಕ್ಯಾನ್ಸರಾ?

ನೀವು ಕೇಳುವ ಮೊದಲ ಪ್ರಶ್ನೆಯೇ ಇದು. ಉತ್ತರ ಸ್ವಲ್ಪ ತೊಡಕಿನದು. ಈ ಗೆಡ್ಡೆಗಳಲ್ಲಿ ಅನೇಕವು ಬೆಳೆದು, ಕೆಲ ಕಾಲ ಹಾಗೇ ನಿಂತು, ಮುಂದಿನ ತಿಂಗಳುಗಳಲ್ಲಿ ತಾವಾಗೇ ಕುಗ್ಗಿ ಕಲೆ ಉಳಿಸಿ ಹೋಗುತ್ತವೆ. 'ಹಾಗಾದ್ರೆ ಕಾಯೋಣ' ಅನ್ನಬೇಡಿ! ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ನಿಜವಾದ ಚರ್ಮದ ಕ್ಯಾನ್ಸರ್ ನೋಡಲು ತದ್ವತ್ ಹೀಗೇ ಇರಬಹುದು. ಅದು ತಾನಾಗಿ ಹೋಗುವುದಿಲ್ಲ, ಆಳಕ್ಕಿಳಿಯುತ್ತದೆ, ದುಗ್ಧಗ್ರಂಥಿಗಳಿಗೂ ಹರಡಬಲ್ಲದು. ಕೆರಟೋಅಕ್ಯಾಂಥೋಮವೂ ಅದೇ ಕ್ಯಾನ್ಸರಿನ ಸೌಮ್ಯ ರೂಪ ಎಂದೇ ಅನೇಕ ತಜ್ಞರು ಎಣಿಸುತ್ತಾರೆ. ಎರಡನ್ನೂ ಬರಿಗಣ್ಣಿನಿಂದ ಖಚಿತವಾಗಿ ಬೇರ್ಪಡಿಸಲು ಅನುಭವಿ ವೈದ್ಯರಿಗೂ ಆಗದು. ಮೂಗು, ತುಟಿ, ಕಣ್ಣಂಚಿನಲ್ಲಿದ್ದರಂತೂ ಕಾಯುವಷ್ಟರಲ್ಲಿ ಮುಖವೇ ವಿಕಾರವಾದೀತು.

ಪರೀಕ್ಷೆ, ಚಿಕಿತ್ಸೆ

ದಾರಿ ಒಂದೇ: ಬಯಾಪ್ಸಿ. 'ಗೆಡ್ಡೆಗೆ ಚಾಕು ತಾಗಿಸಿದ್ರೆ ಕ್ಯಾನ್ಸರ್ ಹರಡುತ್ತೆ' ಅನ್ನುವ ಹೆದರಿಕೆ ನಮ್ಮಲ್ಲಿ ಬಲವಾಗಿದೆ. ಚರ್ಮದ ಬಯಾಪ್ಸಿಯಿಂದ ಹಾಗೆ ಹರಡುವುದಿಲ್ಲ. ಮೇಲ್ಮೇಲೆ ಕೆರೆದು ತೆಗೆದ ಚೂರು ಮಾತ್ರ ಸಾಲದು. ಗೆಡ್ಡೆಯ ಅಂಚು, ಬುಡ ಎರಡೂ ಕಾಣಬೇಕು. ಹಾಗಾಗಿ ಸಾಧ್ಯವಿದ್ದರೆ, ಆ ಜಾಗ ಮರಗಟ್ಟಿಸಿ, ಇಡೀ ಗೆಡ್ಡೆಯನ್ನೇ ಸುತ್ತಲಿನ ಸ್ವಲ್ಪ ಚರ್ಮದ ಸಮೇತ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಪರೀಕ್ಷೆಯೂ ಆಯಿತು, ಚಿಕಿತ್ಸೆಯೂ ಆಯಿತು. ಶಸ್ತ್ರಚಿಕಿತ್ಸೆ ಕಷ್ಟವಾದ ಕಡೆ ಗೆಡ್ಡೆಗೇ ಔಷಧ ಚುಚ್ಚುವುದೂ ಉಂಟು.

ನೆನಪಿಡಿ

* ಸುಣ್ಣ, ಗೇರುಬೀಜದ ಎಣ್ಣೆ ಹಚ್ಚುವುದು, ಕೂದಲು ಕಟ್ಟುವುದು, ಹಿಸುಕುವುದು ಬೇಡವೇ ಬೇಡ. ಹುಣ್ಣಾಗಿ, ಗುರುತೇ ಸಿಗದಂತಾಗುತ್ತದೆ.
* ಗುಳ್ಳೆ ಯಾವಾಗ ಶುರುವಾಯಿತು ಎಂದು ಬರೆದಿಡಿ. ಪಕ್ಕದಲ್ಲಿ ನಾಣ್ಯವಿಟ್ಟು ವಾರಕ್ಕೊಮ್ಮೆ ಫೋಟೊ ತೆಗೆಯಿರಿ. ಬೆಳವಣಿಗೆಯ ವೇಗ ವೈದ್ಯರಿಗೆ ದೊಡ್ಡ ಸುಳಿವು.
* ಆದರೆ ಫೋಟೊಗಾಗಿ ಭೇಟಿ ಮುಂದೂಡಬೇಡಿ. ಎರಡು ಮೂರು ವಾರದಲ್ಲಿ ಇಳಿಯದಿದ್ದರೆ ಚರ್ಮವೈದ್ಯರನ್ನು ಕಾಣಿ.
* 'ಪೂರ್ತಿ ತೆಗೆದಿದ್ದೀರಾ? ಅಂಚು ಶುದ್ಧವಾಗಿದೆಯಾ?' ಎಂದು ವೈದ್ಯರನ್ನು ಕೇಳಿ. ವರದಿಯನ್ನು ಜೋಪಾನವಾಗಿಡಿ.
* ಒಮ್ಮೆ ಬಂದವರಿಗೆ ಬೇರೆ ಕಡೆ ಮತ್ತೆ ಬರಬಹುದು. ವೈದ್ಯರು ಹೇಳಿದ ದಿನ ಮರುತಪಾಸಣೆ ತಪ್ಪಿಸಬೇಡಿ.
* ಮಧ್ಯಾಹ್ನದ ಬಿಸಿಲಿಗೆ ಕೊಡೆ, ತುಂಬುತೋಳಿನ ರವಿಕೆ, ಟೋಪಿ, ಸನ್‌ಸ್ಕ್ರೀನ್ ಇರಲಿ.

ಹಿರಿಯರು 'ಈ ವಯಸ್ಸಿನಲ್ಲಿ ನನಗ್ಯಾಕಮ್ಮ ಡಾಕ್ಟ್ರು' ಅಂತಾರೆ. ಕನ್ನಡಿ ನೋಡಿಕೊಳ್ಳುವುದೂ ಅಪರೂಪ. ತಲೆ ಬಾಚುವಾಗ, ಎಣ್ಣೆ ಹಚ್ಚುವಾಗ ಅವರ ಕಿವಿ, ಕತ್ತು, ಕೈಗಳನ್ನು ನೀವೇ ಒಮ್ಮೆ ಗಮನಿಸಿ. ಬೇಗ ಕಂಡರೆ ನಾಲ್ಕು ಹೊಲಿಗೆಯಲ್ಲಿ ಮುಗಿಯುವ ಕೆಲಸವಿದು.