ಬಣ್ಣದ ಲೆನ್ಸ್: ವೇಷಕ್ಕಿಂತ ಕಣ್ಣು ಮುಖ್ಯ



ಕ್ರಿಸ್ಮಸ್ ರೂಪಕ, ಮದುವೆ, ಶಾಲೆಯ ಗ್ಯಾದರಿಂಗ್ ಬಂತೆಂದರೆ ನೀಲಿ, ಹಸಿರು ಕಣ್ಣು ಕಾಣಲೆಂದು ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುವ ಆಸೆ ಯುವಜನರಲ್ಲಿ ಸಹಜ. ಆದರೆ ಇದನ್ನು ಬಳೆ, ಸರಗಳಂತೆ ಬರೀ ಅಲಂಕಾರವೆಂದು ತಿಳಿಯಬಾರದು. ನಂಬರಿಲ್ಲದಿದ್ದರೂ ಅದು ಕಣ್ಣಿಗೆ ಅಂಟಿ ಕೂರುವ ವೈದ್ಯಕೀಯ ಸಾಧನ. ಅಮೆರಿಕದಲ್ಲಿ 2005ರ ಕಾನೂನಿನಂತೆ ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ.

ಕಣ್ಣಿನ ಮುಂಭಾಗದಲ್ಲಿ ಕಾರ್ನಿಯಾ ಎಂಬ ಪಾರದರ್ಶಕ ಪಟಲವಿದೆ. ಅದರಲ್ಲಿ ರಕ್ತನಾಳಗಳಿಲ್ಲ, ಹೊರಗಿನ ಗಾಳಿಯ ಆಮ್ಲಜನಕವೇ ಕಣ್ಣೀರಿನ ಮೂಲಕ ಅದಕ್ಕೆ ಸೇರುತ್ತದೆ. ಅಳತೆಗೆ ಹೊಂದದ ಲೆನ್ಸ್ ಇದನ್ನು ತಡೆಯುತ್ತದೆ, ಪಟಲವನ್ನು ಗೀರುತ್ತದೆ. ಗೀರಿನಲ್ಲಿ ರೋಗಾಣು ಸೇರಿದರೆ ಹುಣ್ಣಾಗುತ್ತದೆ. ಹುಣ್ಣು ಮಾಯ್ದರೂ ಬಿಳಿಯ ಕಲೆ ಉಳಿದು, ಅಂದರೆ 'ಹೂ ಬಿದ್ದು', ದೃಷ್ಟಿ ಹೋಗಬಹುದು. 2024ರ ಜುಲೈನಲ್ಲಿ ದೆಹಲಿಯ ಕಾರ್ಯಕ್ರಮಕ್ಕೆ ಲೆನ್ಸ್ ಧರಿಸಿದ್ದ ನಟಿ ಜಾಸ್ಮಿನ್ ಭಸೀನ್, ತಮ್ಮ ಕಾರ್ನಿಯಾಕ್ಕೆ ಗಾಯವಾದುದನ್ನು ತಾವೇ ತಿಳಿಸಿದ್ದರು.

ಒಕ್ಕಲುತನದ ಮನೆಯವರಿಗೆ ಎಚ್ಚರ ಇನ್ನೂ ಹೆಚ್ಚು ಬೇಕು. ನಮ್ಮ ಮಂಗಳವೇಢೆ ಜೋಳದ ಸೀಮೆ. ರಾಶಿಯ ಧೂಳು, ಜೋಳದ ಎಲೆ, ಕಬ್ಬಿನ ರವದಿ ಕಣ್ಣಿಗೆ ತಗುಲಿ ಬೂಷ್ಟಿನ ಹುಣ್ಣಾಗುವುದುಂಟು. ಬಾವಿ, ಬೋರು, ನಳದ ನೀರಿನಲ್ಲೂ ಮಣ್ಣಿನಲ್ಲೂ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರಬಹುದು. ಅದು ಲೆನ್ಸಿನೊಡನೆ ಕಣ್ಣು ಸೇರಿದರೆ ತಿಂಗಳುಗಟ್ಟಲೆ ಔಷಧ ಹಾಕಬೇಕಾಗುತ್ತದೆ.

ಹಾಕಿಕೊಳ್ಳಲೇಬೇಕೆಂದರೆ:

1. ಕಣ್ಣಿನ ವೈದ್ಯರಲ್ಲಿ ಅಳತೆ ಮಾಡಿಸಿ, ಹಾಕುವ ತೆಗೆಯುವ ಕ್ರಮ ಕಲಿಯಿರಿ. ಜಾತ್ರೆಯಲ್ಲಿ, ಶೃಂಗಾರದ ಅಂಗಡಿಯಲ್ಲಿ ಕೊಳ್ಳಬೇಡಿ.
2. ಸಾಬೂನಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿ ಮುಟ್ಟಿರಿ. ಮೊದಲು ಲೆನ್ಸ್, ಆಮೇಲೆ ಮುಖಕ್ಕೆ ಬಣ್ಣ. ತೆಗೆಯುವಾಗಲೂ ಮೊದಲು ಲೆನ್ಸ್.
3. ಲೆನ್ಸ್ ತೊಳೆಯಲು ಅದರದೇ ದ್ರಾವಣ ಬೇಕು, ಪ್ರತಿಸಲವೂ ಹೊಸದು. ಕುದಿಸಿದ ನೀರು, ಉಪ್ಪುನೀರು, ಎಂಜಲು ಕೂಡದು.
4. ಒಬ್ಬರ ಲೆನ್ಸ್ ಇನ್ನೊಬ್ಬರು ಹಾಕಬಾರದು, ಅಕ್ಕತಂಗಿಯರಾದರೂ ಸರಿ.
5. ಲೆನ್ಸ್ ಇಟ್ಟುಕೊಂಡು ಮಲಗಬಾರದು, ಸ್ನಾನ ಮಾಡಬಾರದು, ಹೊಲಕ್ಕೆ ಹೋಗಬಾರದು.

ಕಣ್ಣು ಕೆಂಪಾಗಿ ನೋವು, ನೀರು, ಮಬ್ಬು ಕಂಡರೆ ತಕ್ಷಣ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿರಿ. ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಎದೆಹಾಲು, ಜೇನು ಹಾಕಬೇಡಿ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಗಳು ಬೂಷ್ಟಿನ ಹುಣ್ಣನ್ನು ಇನ್ನಷ್ಟು ಬೆಳೆಸುತ್ತವೆ.

ಇಷ್ಟೆಲ್ಲ ಪಾಲಿಸಲಾಗದಿದ್ದರೆ ಲೆನ್ಸೇ ಬೇಡ. ರೂಪಕದ ದೇವದೂತನಿಗೆ ರೆಕ್ಕೆ ಸಾಕು, ನೀಲಿ ಕಣ್ಣು ಬೇಕಿಲ್ಲ. ಡಿಸೆಂಬರ್ 13 ಕಣ್ಣುಗಳ ಪಾಲಕಿ ಸಂತ ಲೂಸಿಯವರ ಹಬ್ಬ. ಅಂದು ಪ್ರಾರ್ಥಿಸೋಣ, ದೇವರು ಕೊಟ್ಟ ಬೆಳಕನ್ನು ನಾವೂ ಜೋಪಾನ ಮಾಡೋಣ.