ಜೋರು ಮಳೆಗೆ ಚರಂಡಿ ಸ್ವಚ್ಛ, ನದಿ ಹೊಲಸು: ಹೊಳಗುಂದದಿಂದ ತುಂಗಭದ್ರೆಯವರೆಗೆ

ಹೊಳಗುಂದ: ಒಂದು ಜೋರು ಮಳೆ ಬಂದರೆ ಚರಂಡಿಯೆಲ್ಲ ತೊಳೆದು ಹೋಗುತ್ತೆ ಅಂತ ಜನ ಹೇಳುವುದುಂಟು. ಅದು ನಿಜವೇ. ಆದರೆ ಆ ಕೊಳೆಯೆಲ್ಲ ಹೋಗಿ ಸೇರುವುದು ನದಿಗೆ.

ಕರ್ನೂಲು ಜಿಲ್ಲೆಯ ಆದೋನಿ ಭಾಗದ ಹೊಳಗುಂದ ಕರ್ನಾಟಕದ ಗಡಿಗೆ ಹತ್ತಿರದ ಊರು. ಇಲ್ಲಿನ ಹಳ್ಳಗಳ ನೀರು ಕೊನೆಗೆ ಸೇರುವುದು ತುಂಗಭದ್ರೆಯನ್ನೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಪಟ್ಟಿ ಮಾಡಿದ ದೇಶದ 351 ಕಲುಷಿತ ನದಿಭಾಗಗಳಲ್ಲಿ ಮಂತ್ರಾಲಯದಿಂದ ಬಾವಾಪುರದವರೆಗಿನ ತುಂಗಭದ್ರೆಯೂ ಒಂದು. ಕರ್ನೂಲು ನಗರದ ಜನ ಕುಡಿಯುವುದು ಇದೇ ನದಿಯ ನೀರನ್ನು.

ಮಳೆಯಲ್ಲಿ ಆಗುವುದೇನು?

ಸಣ್ಣ ಊರುಗಳಲ್ಲಿ ಸಾಮಾನ್ಯವಾಗಿ ಮನೆಯ ಕೊಳಚೆಗೂ ಮಳೆನೀರಿಗೂ ಒಂದೇ ತೆರೆದ ಚರಂಡಿ. ಬೇಸಿಗೆಯಿಡೀ ತಳದಲ್ಲಿ ಕೂತ ಹೂಳು, ಕಸ ಮೊದಲ ಮಳೆಗೆ ಒಮ್ಮೆಲೇ ಎದ್ದು ಹರಿಯುತ್ತದೆ. ಹೀಗಾಗಿ ಮೊದಲ ಅರ್ಧ ಗಂಟೆಯ ನೀರೇ ಅತಿ ಹೊಲಸು. ತುಂಬಿದ ಶೌಚಗುಂಡಿಗಳೂ ಉಕ್ಕುತ್ತವೆ.

ಒಳಚರಂಡಿ ಇರುವ ನಗರಗಳ ಕಥೆ ಬೇರೆ. ಅಲ್ಲಿನ ಪೈಪುಗಳ ಅಳತೆ ಕೊಳಚೆ ನೀರಿಗಷ್ಟೇ. ಕೆಲವರು ತಾರಸಿಯ ಪೈಪನ್ನು ಅದಕ್ಕೇ ಜೋಡಿಸುತ್ತಾರೆ, ಇನ್ನು ಕೆಲವರು ರಸ್ತೆಯ ನೀರು ಇಳಿಯಲಿ ಅಂತ ಮ್ಯಾನ್‌ಹೋಲ್ ಮುಚ್ಚಳ ತೆಗೆಯುತ್ತಾರೆ. ಪೈಪು ತಡೆಯಲಾರದೆ ಕೊಳಚೆ ರಸ್ತೆಗೆ ಉಕ್ಕಿ, ಶುದ್ಧೀಕರಣವಾಗದೆಯೇ ನದಿಗೆ ಹೋಗುತ್ತದೆ. ಮಳೆಗಾಲದ ಮಂಗಳೂರು ಕಂಡವರಿಗೆ ಇದು ಹೊಸದಲ್ಲ. ಇದರ ಫಲ ವಾಂತಿಭೇದಿ, ಟೈಫಾಯಿಡ್, ಕಾಮಾಲೆ.

ಪರಿಹಾರ ಎಲ್ಲಿದೆ?

ಲಂಡನ್ ನಗರವು ಥೇಮ್ಸ್ ನದಿಗೆ ಉಕ್ಕುತ್ತಿದ್ದ ಕೊಳಚೆಯನ್ನು ಹಿಡಿದಿಡಲು 25 ಕಿ.ಮೀ. ಸುರಂಗವನ್ನೇ ಕಟ್ಟಿತು. 2025ರಲ್ಲಿ ಅದು ಪೂರ್ತಿ ಜೋಡಣೆಯಾಯಿತು. ಸಣ್ಣ ಊರಿಗೆ ಸುರಂಗ ಬೇಡ, ಸೂತ್ರ ಮಾತ್ರ ಅದೇ: ಮೊದಲ ನೀರನ್ನು ತಡೆದು ನಿಲ್ಲಿಸಬೇಕು, ಮಳೆನೀರನ್ನು ಕೊಳಚೆಯಿಂದ ದೂರ ಇಡಬೇಕು. ಚರಂಡಿ ಹಳ್ಳ ಸೇರುವ ಮುನ್ನ ಒಂದು ಹೊಂಡ ಇದ್ದರೆ ಹೂಳು ಅಲ್ಲೇ ಕೂರುತ್ತದೆ. ಆ ಹೂಳನ್ನು ಆಗಾಗ ಎತ್ತಬೇಕು, ಅಷ್ಟೇ.

ಜಮಾಅತ್‌ಗಳು ಮಾಡಬಹುದಾದ ಕೆಲಸವೂ ಇದೆ. ಮಸೀದಿಯ ವುಝೂ ನೀರನ್ನು ಚರಂಡಿಗೆ ಬಿಡದೆ, ಬಾವಿಯಿಂದ ದೂರದಲ್ಲಿ ಇಂಗುಗುಂಡಿ ತೋಡಿ ಬಿಡಬಹುದು. ಬಕ್ರೀದ್‌ನ ತ್ಯಾಜ್ಯವನ್ನು ಚರಂಡಿಗೆ ಎಸೆಯದಂತೆ ಜುಮಾ ದಿನ ತಿಳಿಹೇಳಬಹುದು. ಹರಿಯುವ ಹೊಳೆಯ ದಡದಲ್ಲಿದ್ದರೂ ನೀರನ್ನು ಪೋಲು ಮಾಡಬಾರದು ಎಂದು ಕಲಿತ ಸಮುದಾಯಕ್ಕೆ ಇದು ಹೊಸ ಪಾಠವೇನಲ್ಲ.

ಯುವಕರು ಮಳೆಗಾಲಕ್ಕೆ ಮೊದಲೇ ಬೀದಿ ಸುತ್ತಿ, ಎಲ್ಲಿ ಹೂಳು ತುಂಬಿದೆ, ಯಾವ ಶೌಚಗುಂಡಿ ಉಕ್ಕುತ್ತಿದೆ ಎಂದು ಪಟ್ಟಿ ಮಾಡಿ ಪಂಚಾಯತ್‌ಗೆ ಕೊಡಲಿ. ಆದರೆ ಯಾರನ್ನೂ ಗುಂಡಿಗೆ, ಮ್ಯಾನ್‌ಹೋಲ್‌ಗೆ ಇಳಿಸಬಾರದು. ಅದು ಜೀವಕ್ಕೆ ಅಪಾಯ, 2013ರ ಕಾಯ್ದೆಯಡಿ ಅಪರಾಧವೂ ಹೌದು. ಅದಕ್ಕೆ ಯಂತ್ರವನ್ನೇ ಕೇಳಿ ತರಿಸಬೇಕು.